ಬೆಣ್ಣೆಯೋ, ಬೆಣ್ಣೆಯಂಥದ್ದೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಬೆಣ್ಣೆಯ ಸುತ್ತಲೇ ಸುತ್ತಿವೆ. ಒಬ್ಬರಿಗೆ ಎಷ್ಟು ಕಡೆದರೂ ಬಾರದ ಬೆಣ್ಣೆಯ ಚಿಂತೆ, ಇನ್ನೊಬ್ಬರಿಗೆ ಬೇಕರಿಯ ಲೆಕ್ಕ, ಮತ್ತೊಬ್ಬರಿಗೆ ಡಾಕ್ಟರು ಹೇಳಿದ ಮಾತು. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಬೆಣ್ಣೆಯಂತೆಯೇ ಕಾಣುವ ಒಂದು ಡಬ್ಬಿ ತಂದೆ. 'ಕಡಿಮೆ ಕೊಬ್ಬು' ಎಂದು ಬರೆದಿತ್ತು. ದೋಸೆಗೆ ಹಾಕಿದರೆ ಚಟಪಟ ಸಿಡಿಯುತ್ತದೆ, ದೋಸೆ ಹೆಂಚಿಗೆ ಕಚ್ಚಿಕೊಳ್ಳುತ್ತದೆ. ಕೆಟ್ಟ ಮಾಲೇ?
— ಗೃಹಿಣಿ, ಮೂಡಿಗೆರೆ

ಕೆಟ್ಟದ್ದಲ್ಲ, ಹೆಂಚಿಗೆ ಹೇಳಿ ಮಾಡಿಸಿದ್ದಲ್ಲ, ಅಷ್ಟೆ. ಡಬ್ಬಿ ತಿರುಗಿಸಿ ಹಿಂಬದಿ ಓದಿ. 'ವೆಜಿಟೇಬಲ್ ಫ್ಯಾಟ್ ಸ್ಪ್ರೆಡ್' ಎಂದಿದ್ದರೆ ಅದು ಬೆಣ್ಣೆಯೂ ಅಲ್ಲ, ಮಾರ್ಗರಿನ್ನೂ ಅಲ್ಲ. ಮೂರಕ್ಕೂ ನಮ್ಮ ಆಹಾರ ಕಾನೂನು ಬೇರೆ ಬೇರೆ ಗೆರೆ ಎಳೆದಿದೆ. ಟೇಬಲ್ ಬಟರ್‌ನಲ್ಲಿ ಹಾಲಿನ ಕೊಬ್ಬು ಶೇ. 80ಕ್ಕಿಂತ ಕಡಿಮೆ ಇರುವಂತಿಲ್ಲ, ನೀರು ಶೇ. 16, ಉಪ್ಪು ಶೇ. 3 ಮೀರುವಂತಿಲ್ಲ. ಮಾರ್ಗರಿನ್‌ಗೂ ಶೇ. 80 ಕೊಬ್ಬು ಬೇಕೇ ಬೇಕು, ಆದರೆ ಅದು ಎಣ್ಣೆಯಿಂದ ಬಂದದ್ದು. ಸ್ಪ್ರೆಡ್‌ನಲ್ಲಿ ಶೇ. 40ರಿಂದ 80ರ ನಡುವೆ ಎಷ್ಟಾದರೂ ಇರಬಹುದು. ಶೇ. 40ರ ಡಬ್ಬಿ ಎಂದರೆ ಅರ್ಧಕ್ಕಿಂತ ಹೆಚ್ಚು ನೀರಿಗೆ ನೀವು ದುಡ್ಡು ಕೊಟ್ಟಿದ್ದೀರಿ ಎಂದಾಯಿತು.

ಆ ನೀರು ಎಣ್ಣೆಯೊಳಗೆ ಕಣ್ಣಿಗೆ ಕಾಣದ ಹನಿಗಳಾಗಿ ಸೇರಿಕೊಂಡಿರುತ್ತದೆ. ಬೇರೆಯಾಗದಂತೆ ಹಿಡಿದಿಡುವುದು ಲೆಸಿಥಿನ್, ಮಾನೊಗ್ಲಿಸರೈಡ್‌ನಂಥ ಪದಾರ್ಥ. ಲೇಬಲ್‌ನಲ್ಲಿ ಐಎನ್‌ಎಸ್ 322, 471 ಎಂದಿರುವುದು ಇವೇ. ದೋಸೆ ಹೆಂಚು 180 ಡಿಗ್ರಿ ಮೇಲೆ ಕಾದಿರುತ್ತದೆ, ನೀರು 100ಕ್ಕೇ ಕುದಿಯುತ್ತದೆ. ಹನಿಗಳು ಒಮ್ಮೆಲೇ ಆವಿಯಾಗಿ ಸಿಡಿಯುತ್ತವೆ, ಹೆಂಚು ಆ ಜಾಗದಲ್ಲಿ ತಣ್ಣಗಾಗುತ್ತದೆ, ಉಳಿದ ಚೂರು ಜಿಡ್ಡು ಹಿಟ್ಟನ್ನು ಬಿಡಿಸಲು ಸಾಲದು. ಹೆಂಚಿಗೆ ಎಣ್ಣೆಯನ್ನೋ ತುಪ್ಪವನ್ನೋ ಸವರಿ. ಸ್ಪ್ರೆಡ್ ಹಾಕಲೇಬೇಕೆಂದರೆ ದೋಸೆ ತಟ್ಟೆಗೆ ಬಂದ ಮೇಲೆ ಹಾಕಿ. ಕೋಡುಬಳೆ, ಚಕ್ಕುಲಿ ಹಿಟ್ಟಿಗಂತೂ ಬೇಡ. ಬಿಸಿ ಬೆಣ್ಣೆಯ ಬದಲು ನೀರು ಬಿದ್ದಂತಾಗಿ ಚಕ್ಕುಲಿ ಗಟ್ಟಿಯಾಗುತ್ತದೆ, ಕೆಲವೊಮ್ಮೆ ಎಣ್ಣೆಯಲ್ಲಿ ಸಿಡಿಯುತ್ತದೆ.

ಲೇಬಲ್ ನಂಬದವರು ಮನೆಯಲ್ಲೇ ನೋಡಬಹುದು. ನೇರ ಗೋಡೆಯ ಸಣ್ಣ ಗಾಜಿನ ಲೋಟಕ್ಕೆ 50 ಗ್ರಾಂ ಬೆಣ್ಣೆ, ಅಂಥದ್ದೇ ಇನ್ನೊಂದಕ್ಕೆ 50 ಗ್ರಾಂ ಸ್ಪ್ರೆಡ್ ಹಾಕಿ, ಕುದಿಸಿ ಇಳಿಸಿದ ನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ. ಕಲಕಬೇಡಿ. ಬೆಣ್ಣೆಯ ಲೋಟದಲ್ಲಿ ಮೇಲೆ ಹೊನ್ನಿನ ಬಣ್ಣದ ತಿಳಿ, ತಳದಲ್ಲಿ ಬೆರಳಗಲ ಬಿಳಿ ನೀರು. ಸ್ಪ್ರೆಡ್ ಲೋಟದಲ್ಲಿ ಗೆರೆ ನಡುಮಟ್ಟಕ್ಕೇ ಬಂದು ನಿಲ್ಲುತ್ತದೆ. ಕೆಲವು ಸ್ಪ್ರೆಡ್ ಸುಲಭವಾಗಿ ಒಡೆಯುವುದಿಲ್ಲ, ಮಂದವಾದ ಗಂಜಿಯಂತೆ ಉಳಿಯುತ್ತದೆ. ಅದರಲ್ಲಿ ನೀರನ್ನು ಹಿಡಿದಿಡುವ ಅಂಟು ಸೇರಿಸಿರುತ್ತಾರೆ. ನಂತರ ಎರಡೂ ಲೋಟ ಫ್ರಿಜ್‌ನಲ್ಲಿಟ್ಟರೆ ಮೇಲಿನ ಜಿಡ್ಡು ಬಿಲ್ಲೆಯಾಗಿ ಗಟ್ಟಿಯಾಗುತ್ತದೆ. ಎತ್ತಿ ತೂಗಿ ನೋಡಿ: ಬೆಣ್ಣೆಯದು 40 ಗ್ರಾಂ ಆಸುಪಾಸು, ಶೇ. 40ರ ಸ್ಪ್ರೆಡ್‌ನದು 20.

ಪಾಶ್ಚಾತ್ಯ ದೇಶಗಳಲ್ಲಿ ಜನ ಬೆಣ್ಣೆ ಬಿಟ್ಟು ಮಾರ್ಗರಿನ್‌ಗೆ, ಅಲ್ಲಿಂದ ಕಡಿಮೆ ಕೊಬ್ಬಿನ ಸ್ಪ್ರೆಡ್‌ಗೆ ಹೋಗಿ, ಈಗ ಮತ್ತೆ ಬೆಣ್ಣೆಗೆ ಮರಳಿದ್ದಾರಂತೆ. ಕಾಲೇಜಿನ ಪ್ರಾಜೆಕ್ಟ್‌ಗೆ ಬೇಕು. ರುಚಿ ಬದಲಾಗಿದ್ದೇ ಕಾರಣವೇ?
— ಬಿ.ಕಾಂ. ವಿದ್ಯಾರ್ಥಿನಿ, ಹಾಸನ

ರುಚಿಯ ಪಾತ್ರ ಇದರಲ್ಲಿ ತೀರ ಕಡಿಮೆ. ಬೆಲೆ, ಯುದ್ಧ, ಕಾನೂನು, ಡಾಕ್ಟರು: ಈ ನಾಲ್ಕು ಸೇರಿ ಜನರ ಬ್ರೆಡ್ಡಿನ ಮೇಲೆ ಏನಿರಬೇಕೆಂದು ತೀರ್ಮಾನಿಸಿವೆ. ಪ್ರಾಜೆಕ್ಟಿನಲ್ಲಿ ಈ ನಾಲ್ಕನ್ನೂ ಬೇರೆ ಬೇರೆಯಾಗಿ ತೋರಿಸಿ.

ಮೊದಲು ಬೆಲೆ. ಸೈನಿಕರಿಗೂ ಬಡವರಿಗೂ ಬೆಣ್ಣೆಯ ಬದಲು ಅಗ್ಗದ್ದೊಂದು ಬೇಕೆಂದು ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಬಹುಮಾನ ಇಟ್ಟ. ಇಪೊಲಿತ್ ಮೆಜ್-ಮೂರಿಯೆ ಎಂಬ ರಸಾಯನಶಾಸ್ತ್ರಜ್ಞ 1869ರಲ್ಲಿ ದನದ ಕೊಬ್ಬನ್ನು ಹಾಲಿನೊಂದಿಗೆ ಕಡೆದು ಮಾರ್ಗರಿನ್ ಮಾಡಿದ. ಹೌದು, ಮೊದಲ ಮಾರ್ಗರಿನ್ ಸಸ್ಯಾಹಾರವಲ್ಲ. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ ಮೇಲೆ ಸಸ್ಯದ ಎಣ್ಣೆ ಆ ಜಾಗಕ್ಕೆ ಬಂತು.

ಎರಡನೆಯದು ಕಾನೂನು. ಹಾಲಿನವರು ಸುಮ್ಮನಿರಲಿಲ್ಲ. ಅಮೆರಿಕ 1886ರಲ್ಲೇ ಮಾರ್ಗರಿನ್ ಮೇಲೆ ತೆರಿಗೆ ಹೇರಿತು. ಕೆನಡಾ ಅದೇ ವರ್ಷ ನಿಷೇಧಿಸಿತು. ಮೊದಲ ಮಹಾಯುದ್ಧದ ಹೊತ್ತಿನ ಸಡಿಲಿಕೆ ಬಿಟ್ಟರೆ ಆ ನಿಷೇಧ 1948ರವರೆಗೂ ನಡೆಯಿತು. ಎಲ್ಲಕ್ಕಿಂತ ತಮಾಷೆಯೆಂದರೆ ಬಣ್ಣದ ಜಗಳ. ಅಮೆರಿಕದ ಹಲವು ರಾಜ್ಯಗಳಲ್ಲಿ ಮಾರ್ಗರಿನ್‌ಗೆ ಹಳದಿ ಬೆರೆಸಿ ಮಾರುವಂತಿರಲಿಲ್ಲ. ಕಂಪನಿಗಳು ಬಿಳಿ ಮುದ್ದೆಯ ಜೊತೆ ಬಣ್ಣದ ಪುಟ್ಟ ಗುಳಿಗೆ ಕೊಡುತ್ತಿದ್ದವು, ಜನ ಮನೆಗೆ ಒಯ್ದು ಕೈಯಾರೆ ನಾದಿಕೊಳ್ಳುತ್ತಿದ್ದರು. ಡೈರಿ ರಾಜ್ಯವಾದ ವಿಸ್ಕಾನ್ಸಿನ್ 1967ರವರೆಗೂ ಈ ಹಟ ಬಿಡಲಿಲ್ಲ.

ಆಮೇಲೆ ಯುದ್ಧ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ 1940ರ ಜನವರಿಯಿಂದ ಬೆಣ್ಣೆಗೆ ರೇಷನ್ ತಂದಿತು. ಬಹುಕಾಲ ವಾರಕ್ಕೆ ತಲೆಗೆ ಸಿಗುತ್ತಿದ್ದುದು 2 ಔನ್ಸ್ ಬೆಣ್ಣೆ, 4 ಔನ್ಸ್ ಮಾರ್ಗರಿನ್. ಅಂದರೆ ಸುಮಾರು 57 ಗ್ರಾಂ ಮತ್ತು 113 ಗ್ರಾಂ. ಬೆಣ್ಣೆಯ ರೇಷನ್ ಮುಗಿದದ್ದು 1954ರಲ್ಲಿ. ಮುಗಿದದ್ದೇ ತಡ ಜನ ಬೆಣ್ಣೆಗೆ ಮುಗಿಬಿದ್ದರು: 1960ರ ಸುಮಾರಿಗೆ ಬ್ರಿಟಿಷ್ ಮನೆಗಳಲ್ಲಿ ತಲೆಗೆ ವಾರಕ್ಕೆ 160 ಗ್ರಾಂ ಬೆಣ್ಣೆ ಖರ್ಚಾಗುತ್ತಿತ್ತು. 1990ರ ಹೊತ್ತಿಗೆ ಅದೇ 50 ಗ್ರಾಂಗೂ ಇಳಿದಿತ್ತು. ಈ ಇಳಿತವನ್ನು ಬರೀ ಆರೋಗ್ಯದ ಲೆಕ್ಕಕ್ಕೆ ಬರೆಯಬೇಡಿ. ಬೆಣ್ಣೆಯ ಬೆಲೆ ಏರಿತ್ತು. ಮನೆಮನೆಗೆ ಫ್ರಿಜ್ ಬಂದಿತ್ತು. ಫ್ರಿಜ್‌ನಿಂದ ತೆಗೆದ ಬೆಣ್ಣೆ ಬ್ರೆಡ್ಡನ್ನು ಹರಿಯುತ್ತದೆ, ಡಬ್ಬಿಯ ಮೃದು ಮಾರ್ಗರಿನ್ ಸಲೀಸಾಗಿ ಸವರಿಕೊಳ್ಳುತ್ತದೆ. ನಮ್ಮ ಅಂದಾಜಿನಲ್ಲಿ ಈ ಚಾಕುವಿನ ಅನುಕೂಲಕ್ಕೆ ಸಲ್ಲಬೇಕಾದಷ್ಟು ಮಹತ್ವವನ್ನು ಯಾರೂ ಕೊಡುವುದಿಲ್ಲ.

ನಾಲ್ಕನೆಯದು ಡಾಕ್ಟರು. 1961ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್, ಪ್ರಾಣಿಜನ್ಯ ಕೊಬ್ಬು ಕಡಿಮೆ ಮಾಡಿ ಸಸ್ಯದ ಎಣ್ಣೆ ಬಳಸಿ ಎಂದಿತು. ಆ ದೇಶದಲ್ಲಿ 20ನೇ ಶತಮಾನದ ಆರಂಭದಲ್ಲಿ ತಲೆಗೆ ವರ್ಷಕ್ಕೆ 8 ಕಿಲೋ ಬೆಣ್ಣೆ ಹೋಗುತ್ತಿತ್ತು. 1950ರ ದಶಕದ ಕೊನೆಗೆ ಮಾರ್ಗರಿನ್ ಬೆಣ್ಣೆಯನ್ನು ಹಿಂದಿಕ್ಕಿತು. 1970ರ ದಶಕದ ನಡುವೆ 5 ಕಿಲೋ ದಾಟಿತು. ಬೆಣ್ಣೆ 2 ಕಿಲೋ ಆಸುಪಾಸಿಗೆ ಕುಸಿಯಿತು. 'ಕೊಬ್ಬೇ ಕಡಿಮೆ ತಿನ್ನಿ' ಎಂಬ ಮಾತು ಬಲವಾದಾಗ ಶೇ. 40ರ ಸ್ಪ್ರೆಡ್‌ಗಳಿಗೆ ಕಾಲ ಬಂತು. ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ ಹೃದಯಾಘಾತ ವಿಪರೀತವಾಗಿ 1972ರಲ್ಲಿ ಪೆಕ್ಕ ಪುಸ್ಕ ಅವರ ನೇತೃತ್ವದಲ್ಲಿ ಆಂದೋಲನ ಶುರುವಾಯಿತು. ಬಹುತೇಕ ಎಲ್ಲರೂ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ ಆ ಪ್ರಾಂತ್ಯದಲ್ಲಿ ಮುಂದಿನ ದಶಕಗಳಲ್ಲಿ ಬೆಣ್ಣೆ ಹಚ್ಚುವವರೇ ಅಪರೂಪವಾದರು.

ಅಷ್ಟರಲ್ಲಿ ಮಾರ್ಗರಿನ್‌ನ ಬುಡವೇ ಅಲುಗಿತು. ಎಣ್ಣೆಯನ್ನು ಅರೆಬರೆ ಗಟ್ಟಿ ಮಾಡಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ ಎಂದು 1990ರಲ್ಲಿ ನೆದರ್‌ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ತೋರಿಸಿದರು. ಡೆನ್ಮಾರ್ಕ್ 2003ರಲ್ಲಿ ಶೇ. 2ರ ಮಿತಿ ತಂದಿತು. ಅಮೆರಿಕದಲ್ಲಿ 2005ರ ಸುಮಾರಿಗೆ ಬೆಣ್ಣೆ ಮತ್ತೆ ಮಾರ್ಗರಿನ್‌ನ ಮುಂದೆ ಹೋಯಿತು.

ನಮ್ಮಲ್ಲಿ ನಡೆದದ್ದೇ ಬೇರೆ. ನಾವು ಬ್ರೆಡ್ಡಿಗೆ ಹಚ್ಚುವ ಜನವಲ್ಲ, ಹಾಗಾಗಿ ನಮ್ಮಲ್ಲಿ ಪೆಟ್ಟು ಬಿದ್ದದ್ದು ತುಪ್ಪಕ್ಕೆ. 1937ರಲ್ಲಿ ಬಂದ ಡಾಲ್ಡಾ, ಅಂದರೆ ಗಟ್ಟಿ ಮಾಡಿದ ಸಸ್ಯದ ಎಣ್ಣೆ (ವನಸ್ಪತಿ), ಹಬ್ಬ, ಮದುವೆ, ಸಿಹಿ ತಿಂಡಿ ಅಂಗಡಿಗಳಲ್ಲಿ ತುಪ್ಪದ ಜಾಗ ಹಿಡಿಯಿತು. ವನಸ್ಪತಿ ಎಂಬ ಹೆಸರೇ ಮರೆತುಹೋಗಿ ಎಲ್ಲವೂ ಡಾಲ್ಡಾ ಆಯಿತು. ಅದನ್ನು ತುಪ್ಪಕ್ಕೆ ಬೆರೆಸಿದರೆ ಪತ್ತೆಯಾಗಲೆಂದು ಶೇ. 5 ಎಳ್ಳೆಣ್ಣೆ ಸೇರಿಸುವುದನ್ನು ಸರ್ಕಾರ ಕಡ್ಡಾಯ ಮಾಡಿತು, ಏಕೆಂದರೆ ಎಳ್ಳೆಣ್ಣೆ ಇದ್ದರೆ ಪ್ರಯೋಗಾಲಯದ ಬೌಡಿನ್ ಪರೀಕ್ಷೆಯಲ್ಲಿ ಕೆಂಪು ಬಣ್ಣ ಬರುತ್ತದೆ. 1994ರಲ್ಲಿ ತಾಳೆ ಎಣ್ಣೆಯ ಆಮದು ಮುಕ್ತವಾದ ಮೇಲೆ ಅಗ್ಗದ ಎಣ್ಣೆ ಅಡುಗೆಮನೆಗೆ ಬಂತು. ಡಾಲ್ಡಾ ಡಬ್ಬಿ ತುಳಸಿ ಕುಂಡವಾಗಿ ಉಳಿಯಿತು.

ಮಳೆಗಾಲದಲ್ಲಿ ಕೆನೆ ಕಡೆದರೆ ಗಂಟೆಗಟ್ಟಲೆ ನೊರೆಯೇ ಹೊರತು ಬೆಣ್ಣೆ ಬರುವುದಿಲ್ಲ. ಐಸ್ ನೀರು ಹಾಕಿದರೂ ಅಷ್ಟೆ. ಏನು ತಪ್ಪು?
— ಓದುಗರು, ಕೊಪ್ಪ

ಆ ಐಸ್ ನೀರೇ ತಪ್ಪು. ಅದು ಕಡೂರು, ಅರಸೀಕೆರೆಯ ಏಪ್ರಿಲ್ ತಿಂಗಳಿಗೆ ಹೇಳಿದ ಉಪಾಯ, ಕೊಪ್ಪದ ಆಷಾಢಕ್ಕಲ್ಲ.

ಬೆಣ್ಣೆ ಕಟ್ಟುವುದೆಂದರೆ ಕೆನೆಯೊಳಗಿನ ಜಿಡ್ಡಿನ ಕಣಗಳು ಒಂದಕ್ಕೊಂದು ಬಡಿದು, ಮೈಮೇಲಿನ ಪೊರೆ ಹರಿದು, ಅಂಟಿಕೊಳ್ಳುವುದು. ಅಂಟಲು ಜಿಡ್ಡು ಅರೆ ಗಟ್ಟಿ, ಅರೆ ಮೆದು ಇರಬೇಕು. ತೀರ ತಣ್ಣಗಿದ್ದರೆ ಕಣಗಳು ಮರಳಿನಂತೆ ಬಡಿದು ದೂರ ಸರಿಯುತ್ತವೆ, ಗಾಳಿ ಸೇರಿ ನೊರೆ ಏಳುತ್ತದೆ. ತೀರ ಬೆಚ್ಚಗಿದ್ದರೆ ಬೆಣ್ಣೆ ಬರುತ್ತದೆ, ಆದರೆ ಮುಲಾಮಿನಂತೆ ಕೈಗಂಟುತ್ತದೆ, ಅರ್ಧ ಜಿಡ್ಡು ಮಜ್ಜಿಗೆಯಲ್ಲೇ ಹೋಗುತ್ತದೆ. ಹೆಪ್ಪು ಹಾಕಿದ ಕೆನೆಗೆ 15ರಿಂದ 18 ಡಿಗ್ರಿ ಹದ. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳು ಅದ್ದಿ: ತಂಪು ತಿಳಿಯಬೇಕು, ಬೆರಳು ಜುಮ್ಮೆನ್ನಬಾರದು.

ಹೀಗೆ ಮಾಡಿ. ದಿನವೂ ತೆಗೆದ ಕೆನೆಯನ್ನು ಒಂದು ಚಮಚ ಮೊಸರು ಹಾಕಿದ ಸ್ಟೀಲ್ ಡಬ್ಬಿಯಲ್ಲಿ ಸೇರಿಸುತ್ತ ಫ್ರಿಜ್‌ನಲ್ಲಿಡಿ. ವಾರ ದಾಟಿಸಬೇಡಿ, ಕಹಿ ಬರುತ್ತದೆ. ಕಡೆಯುವ ಹಿಂದಿನ ದಿನ ಹೊರಗಿಟ್ಟು ಕಲಕಿ. ಬೇಸಿಗೆಯಲ್ಲಿ 8 ಗಂಟೆಗೆ ಹುಳಿಯಾಗುವುದು ನಿಮ್ಮಲ್ಲಿ 14–16 ಗಂಟೆ ತೆಗೆದುಕೊಳ್ಳುತ್ತದೆ. ಹುಳಿ ಹಿಡಿದ ಕೆನೆ ಬೇಗ ಕಟ್ಟುತ್ತದೆ. ಕೆನೆ ಗಂಜಿಯಂತೆ ದಪ್ಪವಿದ್ದರೆ ಮಾತ್ರ ಅದರ ಕಾಲು ಭಾಗ ಸಾದಾ ನೀರು ಹಾಕಿ. ಕಡೆಗೋಲಾಗಲಿ, ಮಿಕ್ಸಿಯಾಗಲಿ, ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ತುಂಬಿದ ಪಾತ್ರೆಯಲ್ಲಿ ಕೆನೆ ಸುತ್ತುತ್ತದೆ, ಬಡಿಯುವುದಿಲ್ಲ. ಮಿಕ್ಸಿಯನ್ನು ಒಂದೇ ಸಮ ಓಡಿಸದೆ ಬಿಟ್ಟು ಬಿಟ್ಟು ಒತ್ತಿ.

ಇಪ್ಪತ್ತು ನಿಮಿಷವಾದರೂ ನೊರೆಯೇ ಇದ್ದರೆ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಳಿಬಿಟ್ಟು ಕೈಯಾಡಿಸಿ, ಮತ್ತೆ ಕಡೆಯಿರಿ. ಕೆನೆಗೇ ಬಿಸಿನೀರು ಸುರಿಯಬೇಡಿ. ಹದ ಬಂದಾಗ ಸದ್ದೇ ಹೇಳುತ್ತದೆ: ಮಂದವಾಗಿ ಗೊರಗುಟ್ಟುತ್ತಿದ್ದದ್ದು ತೆಳ್ಳಗಾಗಿ ಚಳಕ್ ಚಳಕ್ ಎನ್ನುತ್ತದೆ, ಕಡೆಗೋಲಿನ ಹಲ್ಲಿಗೆ ಹರಳು ಹತ್ತುತ್ತದೆ. ಹರಳು ಜೋಳದ ಕಾಳಿನಷ್ಟಾದಾಗ ನಿಲ್ಲಿಸಿ, ಈಗ ತಣ್ಣೀರು ಹಾಕಿ. ಐಸ್ ನೀರಿಗೆ ಇದು ಹೊತ್ತು. ಮುದ್ದೆ ಮಾಡಿ, ತೊಳೆದ ನೀರು ತಿಳಿಯಾಗುವವರೆಗೆ ಮೂರು ಸಲ ತೊಳೆದು, ಅಂಗೈಯಲ್ಲಿ ತಟ್ಟಿ ತಟ್ಟಿ ನೀರು ಹಿಂಡಿ.

ಇಷ್ಟಾದರೂ ಬಾರದಿದ್ದರೆ ಹಾಲಿನ ಪ್ಯಾಕೆಟ್ ನೋಡಿ. 'ಹೋಮೊಜಿನೈಸ್ಡ್' ಎಂದಿದ್ದರೆ ಆ ಹಾಲಿನ ಜಿಡ್ಡಿನ ಕಣಗಳನ್ನು ಒತ್ತಡದಲ್ಲಿ ಒಡೆದು ಸಣ್ಣ ಮಾಡಿರುತ್ತಾರೆ. ಅವು ಮೇಲೆ ತೇಲುವುದೇ ಇಲ್ಲ. ಕಾಯಿಸಿದಾಗ ಬರುವುದು ಹೆಚ್ಚಾಗಿ ಪ್ರೋಟೀನಿನ ಪದರ, ಅದನ್ನು ಕೂಡಿಟ್ಟು ಬೆಣ್ಣೆಯ ಆಸೆ ಪಡಬೇಡಿ. ಟೋನ್ಡ್ ಹಾಲಿನಲ್ಲಿ ಲೀಟರಿಗೆ 30 ಗ್ರಾಂ ಜಿಡ್ಡೇ ಇರುವುದು. ಬೆಣ್ಣೆಗೆಂದೇ ತರುವುದಾದರೆ ಶೇ. 6ರ ಫುಲ್ ಕ್ರೀಮ್, ಇಲ್ಲವೇ ಪಕ್ಕದ ಮನೆಯ ಹಸುವಿನ ಹಾಲು.

ಎರಡು ಹಸು, ದಿನಕ್ಕೆ 10 ಲೀಟರ್ ಡೈರಿಗೆ ಹಾಕುತ್ತೇವೆ. ಬೆಣ್ಣೆ ತೆಗೆದು ಸಂತೆಯಲ್ಲಿ ಮಾರಿದರೆ ಲಾಭವೇ?
— ರೈತ, ಅರಕಲಗೂಡು

ಲೆಕ್ಕ ಹಾಕಿ ನೋಡೋಣ. ನಿಮ್ಮ ಹಾಲಿಗೆ ಸಂಘದ ಚೀಟಿಯಲ್ಲಿ ಫ್ಯಾಟ್ 4 ಬರುತ್ತದೆ ಎಂದುಕೊಳ್ಳಿ. 10 ಲೀಟರ್ ಹಾಲು 10.3 ಕಿಲೋ ತೂಗುತ್ತದೆ, ಅದರಲ್ಲಿ ಜಿಡ್ಡು 412 ಗ್ರಾಂ. ಮೊಸರು ಮಾಡಿ ಕಡೆದರೆ ಎಷ್ಟೇ ಕೈಪಳಗಿದ್ದರೂ ಶೇ. 85–90 ಮಾತ್ರ ಸಿಗುತ್ತದೆ, ಉಳಿದದ್ದು ಮಜ್ಜಿಗೆಗೆ. 350–370 ಗ್ರಾಂ ಜಿಡ್ಡಿಗೆ ನೀರು ಸೇರಿ ಸುಮಾರು 450 ಗ್ರಾಂ ಬೆಣ್ಣೆ. ಕಿಲೋ ಬೆಣ್ಣೆಗೆ 22 ಲೀಟರ್ ಹಾಲು ಹಿಡಿಯಿತು. ಡೈರಿ ಕೊಡುವ ಲೀಟರ್ ದರಕ್ಕೆ ಸರ್ಕಾರದ ಪ್ರೋತ್ಸಾಹಧನ ಸೇರಿಸಿ 22ರಿಂದ ಗುಣಿಸಿ. ನಿಮ್ಮೂರ ಬೆಣ್ಣೆಯ ಕಿಲೋ ದರ ಅದಕ್ಕಿಂತ ಹೆಚ್ಚಿದ್ದರಷ್ಟೇ ಮುಂದಿನ ಮಾತು. ಬಹುತೇಕ ಊರುಗಳಲ್ಲಿ ಇರುವುದಿಲ್ಲ. ಡೈರಿಯವರು ಜಿಡ್ಡಿನ ಜೊತೆ ಜಿಡ್ಡೇತರ ಘನಾಂಶಕ್ಕೂ, ಅಂದರೆ ಎಸ್‌ಎನ್‌ಎಫ್‌ಗೂ ದುಡ್ಡು ಕೊಡುತ್ತಾರೆ. ಬೆಣ್ಣೆ ತೆಗೆದರೆ ಆ ಭಾಗ ನಿಮ್ಮ ಮಜ್ಜಿಗೆ ಗಡಿಗೆಯಲ್ಲಿ ಉಳಿಯುತ್ತದೆ, ಕೊಳ್ಳುವವರಿಲ್ಲ.

ಮನೆಮನೆಯ ಬೆಣ್ಣೆ ಗಡಿಗೆ ಮಾಯವಾದದ್ದಕ್ಕೆ ಕಾರಣವೂ ಇದೇ. ರಾಜ್ಯದಲ್ಲಿ 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಶುರುವಾದ ಮೇಲೆ ಹಳ್ಳಿಹಳ್ಳಿಗೆ ಸಂಘ ಬಂತು. ಇವತ್ತು ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಯ ಹಾಲು ಹಾಸನ ಒಕ್ಕೂಟಕ್ಕೆ ಸೇರುತ್ತದೆ. ಬೆಳಿಗ್ಗೆ ಕರೆದ ಹಾಲು ಬೆಳಿಗ್ಗೆಯೇ ಕ್ಯಾನಿಗೆ ಹೋದರೆ ಕಡೆಯಲು ಉಳಿಯುವುದೇನು?

ಒಂದು ಎಚ್ಚರಿಕೆ: ಮೇಲಿನ ಕೆನೆ ತೆಗೆದುಕೊಂಡು ತಳದ ಹಾಲು ಡೈರಿಗೆ ಹಾಕುವ ಯೋಚನೆ ಬೇಡ. ಫ್ಯಾಟ್ ಮೀಟರ್ ತಕ್ಷಣ ತೋರಿಸುತ್ತದೆ, ದರ ಇಳಿಯುತ್ತದೆ, ಮಿತಿಗಿಂತ ಕೆಳಗಾದರೆ ಹಾಲನ್ನೇ ಹಿಂದಿರುಗಿಸುತ್ತಾರೆ. ಹೋಂಸ್ಟೇ, ಹೋಟೆಲ್‌ಗಳಿಂದ ಕಾಯಂ ಬೇಡಿಕೆ ಇದ್ದು, ಮಜ್ಜಿಗೆಗೂ ಗಿರಾಕಿ ಇದ್ದರೆ ವಾರಕ್ಕೆ ಎರಡು ದಿನದ ಹಾಲಿನಲ್ಲಿ ಪ್ರಯತ್ನಿಸಿ. ಆಗ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಳ್ಳಬೇಕು.

ಬೇಕರಿಯಲ್ಲಿ ಖಾರ ಬಿಸ್ಕತ್ತು, ಪಫ್ಸ್‌ಗೆ ಮಾರ್ಗರಿನ್ ಬಳಸುತ್ತೇವೆ. ಗಿರಾಕಿಗಳು 'ಬೆಣ್ಣೆಯದೇ ಬೇಕು' ಎನ್ನುತ್ತಿದ್ದಾರೆ. ಅಷ್ಟಕ್ಕಷ್ಟು ಬದಲಿಸಬಹುದೇ?
— ಬೇಕರಿ ಮಾಲೀಕರು, ಕಡೂರು

ಬಿಸ್ಕತ್ತಿಗೆ ಹೌದು, ಪಫ್ಸ್‌ಗೆ ಅಷ್ಟು ಸುಲಭವಲ್ಲ.

ಖಾರ ಬಿಸ್ಕತ್ತಿಗೆ 1 ಕಿಲೋ ಮೈದಾಕ್ಕೆ 500 ಗ್ರಾಂ ಮಾರ್ಗರಿನ್ ಹಾಕುತ್ತೀರಿ ಎಂದಿಟ್ಟುಕೊಳ್ಳಿ. ಅದರಲ್ಲಿ ಕೊಬ್ಬು 400 ಗ್ರಾಂ. ಟೇಬಲ್ ಬಟರ್ ಆದರೆ ಅದೇ 500 ಗ್ರಾಂ ಸಾಕು, ಆದರೆ ಅದರೊಂದಿಗೇ 10–12 ಗ್ರಾಂ ಉಪ್ಪು ಬರುತ್ತದೆ. ನಿಮ್ಮ ಮಾರ್ಗರಿನ್ ಉಪ್ಪಿಲ್ಲದ್ದಾದರೆ ಹಿಟ್ಟಿನ ಉಪ್ಪಿನಲ್ಲಿ ಅಷ್ಟು ಕಳೆಯಿರಿ. ಬಿಳಿ ಬೆಣ್ಣೆಯಾದರೆ ಲೆಕ್ಕ ಬೇರೆ. ಅದರಲ್ಲಿ ಕೊಬ್ಬು ಶೇ. 76ರಷ್ಟೇ ಇರಬಹುದು, ಹಾಗಾಗಿ 525 ಗ್ರಾಂ ಬೇಕು, ಅದರೊಂದಿಗೆ 40 ಗ್ರಾಂನಷ್ಟು ನೀರು ಹೆಚ್ಚಿಗೆ ಬರುತ್ತದೆ. ಮೊಸರನ್ನು ಅಷ್ಟು ಕಡಿಮೆ ಮಾಡದಿದ್ದರೆ ಹಿಟ್ಟಿನಲ್ಲಿ ನಾರು ಕಟ್ಟಿ ಬಿಸ್ಕತ್ತು ಪುಡಿಯಾಗುವ ಬದಲು ಕಟುಮ್ ಎನ್ನುತ್ತದೆ. ಬೆಣ್ಣೆ ಕರಗಿ ಎಣ್ಣೆಯಾಗಿದ್ದರೆ ಹಿಟ್ಟಿಗೆ ಹಾಕಬೇಡಿ, ಬಿಸ್ಕತ್ತು ಟ್ರೇ ಮೇಲೆ ಹರಡಿಕೊಳ್ಳುತ್ತದೆ. ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುವ ಹದವೇ ಸರಿ.

ಪಫ್ಸ್‌ನ ತೊಂದರೆ ಕರಗುವ ಬಿಂದುವಿನದು. ಬೆಣ್ಣೆ 32–35 ಡಿಗ್ರಿಗೆ ನೀರಾಗುತ್ತದೆ, ಪಫ್ ಮಾರ್ಗರಿನ್ 40 ದಾಟಿದ ಮೇಲೆ. ಕಡೂರಿನ ಏಪ್ರಿಲ್ ಮಧ್ಯಾಹ್ನ ಒಲೆ ಉರಿಯುವ ಕೋಣೆಯಲ್ಲಿ ಬೆಣ್ಣೆ ಹಾಸಿ ಲಟ್ಟಿಸಿದರೆ ಎರಡನೇ ಮಡಿಕೆಗೇ ಅಂಚಿನಿಂದ ಹೊರಬರುತ್ತದೆ. ಪದರದ ನಡುವೆ ಜಿಡ್ಡು ಇಲ್ಲದಿದ್ದರೆ ಪದರ ಬಿಡುವುದಿಲ್ಲ, ಬನ್ನಿನಂತೆ ಉಬ್ಬುತ್ತದೆ. ಬೆಣ್ಣೆಯಲ್ಲೇ ಮಾಡಬೇಕೆಂದರೆ ಹಿಟ್ಟು, ಬೆಣ್ಣೆ ಎರಡೂ 15–16 ಡಿಗ್ರಿ ಇರಲಿ, ಬೆಳಗಿನ ಜಾವ ಲಟ್ಟಿಸಿ, ಪ್ರತಿ ಮಡಿಕೆಗೂ ಅರ್ಧ ಗಂಟೆ ಫ್ರಿಜ್‌ನಲ್ಲಿ ವಿಶ್ರಾಂತಿ ಕೊಡಿ. ಮಾರ್ಗರಿನ್ ಪಫ್ಸ್ ತಣ್ಣಗಾದ ಮೇಲೆ ಬಾಯಿಯ ಅಂಗುಳಕ್ಕೆ ಮೇಣದಂತೆ ಹತ್ತುವುದೂ ಇದೇ ಕಾರಣಕ್ಕೆ: ಬಾಯಿಯ ಬಿಸಿ 37 ಡಿಗ್ರಿ, ಅದಕ್ಕೆ ಅಲ್ಲಿ ಕರಗುವುದಿಲ್ಲ.

ಬೋರ್ಡಿನ ವಿಷಯ. ಮಾರ್ಗರಿನ್ ಹಾಕಿ 'ಬೆಣ್ಣೆ ಬಿಸ್ಕತ್ತು' ಎಂದು ಬರೆಯುವುದು, ಸ್ಪ್ರೆಡ್ ಸವರಿ 'ಬನ್ ಬೆಣ್ಣೆ' ಎಂದು ಕೊಡುವುದು ಮೋಸವೇ, ಎಲ್ಲರೂ ಮಾಡುತ್ತಾರೆ ಎಂದರೂ ಮೋಸವೇ. ಬೆಂಗಳೂರಿಗೆ ಅಯ್ಯಂಗಾರ್ ಬೇಕರಿ ಕೊಟ್ಟ ಹಾಸನ ಜಿಲ್ಲೆ ಪಕ್ಕದಲ್ಲೇ ಇದೆ, ಆ ಹೆಸರಿಗಾದರೂ ಮರ್ಯಾದೆ ಇರಲಿ. ಪಫ್ಸ್ ಮಾರ್ಗರಿನ್‌ನಲ್ಲೇ ಇರಲಿ, ಬಿಸ್ಕತ್ತಿಗೆ ಬೆಣ್ಣೆ ಹಾಕಿ ಬೆಲೆ ಏರಿಸಿ. ರುಚಿ ತಿಳಿಯುವುದು ಅಲ್ಲೇ.

ನನಗೆ 62. ಕೊಲೆಸ್ಟ್ರಾಲ್ ಹೆಚ್ಚಿದೆ, ಡಾಕ್ಟರು ಬೆಣ್ಣೆ ಕಡಿಮೆ ಮಾಡಿ ಎಂದಿದ್ದಾರೆ. ಅಕ್ಕಿ ರೊಟ್ಟಿಗೆ ಬೆಣ್ಣೆಯಿಲ್ಲದೆ ಸೇರುವುದಿಲ್ಲ. ಮಾರ್ಗರಿನ್‌ಗೆ ಬದಲಿಸಲೇ? ಅದರಲ್ಲಿ ವಿಷವಿದೆ ಎನ್ನುತ್ತಾರೆ.
— ನಿವೃತ್ತ ಶಿಕ್ಷಕರು, ತರೀಕೆರೆ

ಮೊದಲು ವಿಷದ ಮಾತು. ಹಳೆಯ ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ಶೇ. 30 ಮೀರಿದ್ದೂ ಉಂಟು, ಆ ಭಯ ಸುಳ್ಳಲ್ಲ. ನಮ್ಮ ದೇಶದ ಮಿತಿ ಶೇ. 10ರಿಂದ 5ಕ್ಕೆ, 2021ರಲ್ಲಿ 3ಕ್ಕೆ, 2022ರ ಜನವರಿಯಿಂದ 2ಕ್ಕೆ ಇಳಿದಿದೆ. ಈಗಿನ ಕಂಪನಿ ಡಬ್ಬಿಗಳಲ್ಲಿ ಟ್ರಾನ್ಸ್ ದೊಡ್ಡ ಸಮಸ್ಯೆಯಲ್ಲ. ಆದರೆ ಅದನ್ನು ತೆಗೆದ ಜಾಗಕ್ಕೆ ಬಂದದ್ದು ಹೆಚ್ಚಾಗಿ ತಾಳೆ ಎಣ್ಣೆ, ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯ ಕೊಬ್ಬು. ಹಾಗಾಗಿ 'ಕೊಲೆಸ್ಟ್ರಾಲ್ ಇಲ್ಲ' ಎಂಬ ದೊಡ್ಡ ಅಕ್ಷರಕ್ಕೆ ಮರುಳಾಗಬೇಡಿ. ಸಸ್ಯದ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಹೆಸರಿಗೂ ಇರುವುದಿಲ್ಲ, ಅದೊಂದು ಹೆಚ್ಚುಗಾರಿಕೆಯಲ್ಲ. 100 ಗ್ರಾಂಗೆ ಸ್ಯಾಚುರೇಟೆಡ್ ಎಷ್ಟು ಎಂಬ ಸಾಲು ಓದಿ. ಬೆಣ್ಣೆಯಲ್ಲಿ ಸುಮಾರು 50 ಗ್ರಾಂ. ಡಬ್ಬಿಯಲ್ಲೂ 40ರ ಮೇಲಿದ್ದರೆ ಬದಲಿಸಿ ಪ್ರಯೋಜನವಿಲ್ಲ, 20ರ ಒಳಗಿದ್ದರೆ ಪ್ರಯೋಜನವಿದೆ.

ಈಗ ರೊಟ್ಟಿ. ದಿನಕ್ಕೆ 2,000 ಕ್ಯಾಲರಿ ತಿನ್ನುವವರು ಸ್ಯಾಚುರೇಟೆಡ್ ಕೊಬ್ಬನ್ನು 22 ಗ್ರಾಂ ಮೀರಿಸಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕೊಲೆಸ್ಟ್ರಾಲ್ ಇರುವವರಿಗೆ ಡಾಕ್ಟರು ಇನ್ನೂ ಕಡಿಮೆ ಹೇಳಬಹುದು. ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಮುದ್ದೆ 30 ಗ್ರಾಂ ತೂಗುತ್ತದೆ, ಅದರಲ್ಲೇ 15 ಗ್ರಾಂ ಹೋಯಿತು. ಹಾಲು, ಕಾಯಿತುರಿ, ಕರಿದದ್ದು ಇನ್ನೂ ಬಾಕಿ. ನೆಲ್ಲಿಕಾಯಿ ಗಾತ್ರದ್ದು 10 ಗ್ರಾಂ, ಅಂದರೆ ಸ್ಯಾಚುರೇಟೆಡ್ 5 ಗ್ರಾಂ. ಆ ನೆಲ್ಲಿಕಾಯಿಯಷ್ಟನ್ನೇ ಡಾಕ್ಟರ ಮುಂದಿಟ್ಟು ಕೇಳಿ. ಬೇಯಿಸುವಾಗ ಹೆಂಚಿಗೆ ಕಡಲೆಕಾಯಿ ಎಣ್ಣೆ ಸವರಿ, ಬೆಣ್ಣೆಯನ್ನು ತಟ್ಟೆಯಲ್ಲಿ, ಬಿಸಿ ರೊಟ್ಟಿಯ ಮೇಲೆ ಕೊನೆಗೆ ಇಡಿ. ಬೆಣ್ಣೆ ಕಾಣುವಂತಿದ್ದರೆ ಕಡಿಮೆಯಲ್ಲೇ ತೃಪ್ತಿಯಾಗುತ್ತದೆ.

ನಮ್ಮ ಹಸುವಿನ ಬೆಣ್ಣೆ ಮಳೆ ಶುರುವಾದ ಮೇಲೆ ಹಳದಿ, ಬೇಸಿಗೆಯಲ್ಲಿ ಬಿಳುಪು. ಏನಾದರೂ ರೋಗವೇ?
— ಸಕಲೇಶಪುರ

ಇಲ್ಲ. ಹಸಿಹುಲ್ಲಿನ ಕ್ಯಾರೊಟಿನ್ ಹಾಲಿನ ಜಿಡ್ಡಿಗೆ ಇಳಿಯುತ್ತದೆ, ಒಣಹುಲ್ಲಿನಲ್ಲಿ ಅದು ಉಳಿದಿರುವುದಿಲ್ಲ. ಎಮ್ಮೆ ಕ್ಯಾರೊಟಿನ್ ಅನ್ನು ಎ ಜೀವಸತ್ವವಾಗಿ ಬದಲಿಸಿಬಿಡುತ್ತದೆ, ಅದಕ್ಕೆ ಎಮ್ಮೆ ಬೆಣ್ಣೆ ವರ್ಷವಿಡೀ ಬಿಳಿ. ವರ್ಷವಿಡೀ ಒಂದೇ ಹಳದಿ ಇರುವ ಅಂಗಡಿ ಪೊಟ್ಟಣದಲ್ಲಿ ಬಣ್ಣ ಸೇರಿರುತ್ತದೆ. ಲೇಬಲ್‌ನಲ್ಲಿ 160ಎ ಅಥವಾ 160ಬಿ ಹುಡುಕಿ.

ಅಜ್ಜಂಪುರದ ಅಮೃತಮಹಲ್ ತಳಿಗೂ ಬೆಣ್ಣೆಗೂ ಸಂಬಂಧವಿತ್ತೆಂದು ಹಿರಿಯರು ಹೇಳುತ್ತಾರೆ. ಆ ಹಸುಗಳು ಹಾಲೇ ಕೊಡುವುದಿಲ್ಲವಲ್ಲ?
— ಅಜ್ಜಂಪುರ

ಹಿರಿಯರ ಮಾತು ಸರಿ. ಮೈಸೂರು ಅರಸರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ದನಗಳ ಇಲಾಖೆಗೆ ಚಿಕ್ಕದೇವರಾಜ ಒಡೆಯರು 'ಬೆಣ್ಣೆ ಚಾವಡಿ' ಎಂದೇ ಹೆಸರಿಟ್ಟಿದ್ದರು. ಟಿಪ್ಪು ಅದನ್ನು ಅಮೃತಮಹಲ್ ಎಂದು ಬದಲಿಸಿದ. ಸೈನ್ಯದ ಸಾಮಾನು ಎಳೆಯಲು ಎತ್ತುಗಳೇ ಮುಖ್ಯವಾಗಿ, ತಳಿಯನ್ನು ವೇಗಕ್ಕೂ ಬಲಕ್ಕೂ ಆರಿಸುತ್ತ ಬಂದರು. ಹಾಲು ಕರುವಿಗಷ್ಟೇ ಉಳಿಯಿತು.

ಹೋಂಸ್ಟೇಗೆ ಒಮ್ಮೆಲೇ 10 ಕಿಲೋ ಬಿಳಿ ಬೆಣ್ಣೆ ತರುತ್ತೇವೆ. ಎರಡು ವಾರದಲ್ಲಿ ಕಮಟು ವಾಸನೆ. ಇಡುವುದು ಹೇಗೆ?
— ಆಲ್ದೂರು

ಉಪ್ಪಿಲ್ಲದ ಬೆಣ್ಣೆ ಫ್ರಿಜ್‌ನಲ್ಲಿ ಹತ್ತು ದಿನಕ್ಕಿಂತ ಹೆಚ್ಚು ತಡೆಯುವುದಿಲ್ಲ. ಸರಿಯಾಗಿ ತೊಳೆಯದೆ ಮಜ್ಜಿಗೆ ಉಳಿದಿದ್ದರೆ ಇನ್ನೂ ಬೇಗ ಕೆಡುತ್ತದೆ. ತಂದ ದಿನವೇ ಒಂದು ಹಿಡಿ ಒತ್ತಿ ನೋಡಿ: ಬಿಳಿ ನೀರು ಒಸರಿದರೆ ತಣ್ಣೀರಿನಲ್ಲಿ ಮತ್ತೆ ತೊಳೆಯಿರಿ. ಅರ್ಧರ್ಧ ಕಿಲೋ ಮುದ್ದೆ ಮಾಡಿ, ಬೆಣ್ಣೆ ಕಾಗದದಲ್ಲಿ ಗಾಳಿ ಆಡದಂತೆ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ. ಮೈನಸ್ 18 ಡಿಗ್ರಿಯಲ್ಲಿ ಕೆಲವು ತಿಂಗಳು ಇರುತ್ತದೆ. ಬೇಕಾದ ಮುದ್ದೆಯನ್ನು ಹಿಂದಿನ ರಾತ್ರಿ ಕೆಳಗಿನ ಖಾನೆಗೆ ಇಳಿಸಿ. ಈರುಳ್ಳಿ, ಮೀನಿನ ಪಕ್ಕ ಇಡಬೇಡಿ, ಬೆಣ್ಣೆ ಎಲ್ಲ ವಾಸನೆಯನ್ನೂ ಎಳೆದುಕೊಳ್ಳುತ್ತದೆ.

ಈಗಾಗಲೇ ಸ್ವಲ್ಪ ಹುಳಿ ವಾಸನೆ ಬಂದಿರುವುದನ್ನು ತುಪ್ಪ ಕಾಯಿಸಿ. ಚೆನ್ನಾಗಿ ತೊಳೆದು, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟು, ಸದ್ದಡಗಿ ತಳದ ಗಸಿ ಕಂದು ಬಣ್ಣಕ್ಕೆ ತಿರುಗುವಾಗ ಒಂದು ವೀಳ್ಯದೆಲೆ ಹಾಕಿ ಇಳಿಸಿ. ಕಿಲೋಗೆ 750 ಗ್ರಾಂ ತುಪ್ಪ ಬಂದರೆ ನಿಮ್ಮ ಬೆಣ್ಣೆ ಚೆನ್ನಾಗಿತ್ತು. 700ಕ್ಕಿಂತ ಕಡಿಮೆ ಬಂದರೆ ಮಾರಿದವರು ನೀರು ಹಿಂಡಿಲ್ಲ, ಮುಂದಿನ ಸಲ ತೂಗಿಸುವ ಮುನ್ನ ಕೇಳಿ. ಕಮಟು ಗಂಟಲಿಗೆ ಹತ್ತುವಷ್ಟಾಗಿದ್ದರೆ ತುಪ್ಪ ಮಾಡಿದರೂ ಹೋಗುವುದಿಲ್ಲ. ದೀಪಕ್ಕೆ ಹಾಕಿ.